ಅಗ್ಗಿಷ್ಟಿಕೆ: ಬೆಂಕಿಗಿಂತ ಹೊಗೆಯ ಕಥೆ ದೊಡ್ಡದು

ಬೆಂಗಳೂರು ದಂಡು ಪ್ರದೇಶದಲ್ಲಿ ಉಳಿದಿರುವ ಕೆಲವು ಹಳೆಯ ಬಂಗಲೆಗಳಲ್ಲಿ, ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಗೋಡೆಯೊಳಗೆ ಕಟ್ಟಿದ ಅಗ್ಗಿಷ್ಟಿಕೆಯನ್ನು ಕಾಣಬಹುದು. ಬ್ರಿಟಿಷರು ತಮ್ಮ ಊರಿನ ಚಳಿಯ ನೆನಪಿನೊಂದಿಗೆ ಇಲ್ಲಿಗೆ ತಂದ ಏರ್ಪಾಡು ಇದು. ತಮ್ಮ ಹೊಸ ಮನೆಗೂ ಅಂಥದ್ದೊಂದು ಬೇಕೆನ್ನುವವರ ಕಣ್ಣು ಮೊದಲು ಹೋಗುವುದು ಮುಂದಿನ ಕಲ್ಲಿನ ಚೌಕಟ್ಟಿನ ಅಂದದ ಮೇಲೆ. ಆದರೆ ಇಂಗ್ಲೆಂಡಿನ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಅಗ್ಗಿಷ್ಟಿಕೆಯಲ್ಲಿ ಬೆಂಕಿ ಹೊತ್ತಿಸುವುದು ಸುಲಭ; ಹೊಗೆಯನ್ನು ಹೊರಗೆ ಕಳಿಸುವುದೇ ಕಷ್ಟ.

ಮಧ್ಯಯುಗದ ಮನೆಗಳಲ್ಲಿ ಬೆಂಕಿ ಉರಿಯುತ್ತಿದ್ದುದು ನಡುಮನೆಯ ನೆಲದ ಮೇಲೆ. ಹೊಗೆ ಚಾವಣಿಯ ಸಂದಿಯಿಂದ ಹೇಗೋ ಹೊರಹೋಗುತ್ತಿತ್ತು. 16ನೇ ಶತಮಾನದಲ್ಲಿ ಸಾಮಾನ್ಯರ ಮನೆಗಳಿಗೂ ಹೊಗೆಗೂಡು, ಅಂದರೆ ಚಿಮಣಿ, ಬರತೊಡಗಿತು. 1662ರಲ್ಲಿ ಸರ್ಕಾರ ಒಂದೊಂದು ಒಲೆಗೆ ವರ್ಷಕ್ಕೆ ಎರಡು ಷಿಲಿಂಗ್ ತೆರಿಗೆ ಹಾಕಿತು. ಒಲೆ ಎಣಿಸಲು ಅಧಿಕಾರಿಗಳು ಮನೆಯೊಳಗೇ ನುಗ್ಗುತ್ತಿದ್ದರೆಂದು ಜನ ಸಿಡಿಮಿಡಿಗೊಂಡರು. 1689ರಲ್ಲಿ ಆ ತೆರಿಗೆ ರದ್ದಾಯಿತು.

ಅಗ್ಗಿಷ್ಟಿಕೆಗಳೇನೋ ಹೆಚ್ಚಿದವು, ಆದರೆ ಶಾಖದ ಬಹುಪಾಲು ಹೊಗೆಯೊಂದಿಗೇ ಹಾರಿಹೋಗುತ್ತಿತ್ತು. ಇದಕ್ಕೆ ಪರಿಹಾರ ಹುಡುಕಿದವನು ಅಮೆರಿಕದಲ್ಲಿ ಹುಟ್ಟಿದ ವಿಜ್ಞಾನಿ ಕೌಂಟ್ ರಮ್‌ಫರ್ಡ್. ಬೆಂಕಿಯ ಕಾವು ಕೋಣೆಗೆ ತಲುಪುವುದು ಮುಖ್ಯವಾಗಿ ನೇರ ವಿಕಿರಣದಿಂದ ಎಂದು ಅವನು 1796ರ ತನ್ನ ಪ್ರಬಂಧದಲ್ಲಿ ವಿವರಿಸಿದ. ಆಳವಾದ ಗೂಡನ್ನು ಕಿರಿದಾಗಿಸಿ, ಪಕ್ಕದ ಗೋಡೆಗಳನ್ನು ಓರೆಯಾಗಿಸಿ, ಹೊಗೆ ಏರುವ ಗಂಟಲನ್ನು ನಾಲ್ಕು ಇಂಚಿಗೆ ಇಳಿಸಿದ. ಕೋಣೆ ಬೆಚ್ಚಗಾಯಿತು, ಹೊಗೆ ಒಳಗೆ ನುಗ್ಗುವುದು ಕಡಿಮೆಯಾಯಿತು.

ಆದರೆ ಕೊಳವೆಯೊಳಗೆ ಕಟ್ಟುವ ಮಸಿಯನ್ನು ತೆಗೆಯುವವರು ಯಾರು? ತೆಗೆಯದಿದ್ದರೆ ಮಸಿಗೇ ಬೆಂಕಿ ಹತ್ತುವ ಭಯ. ದೊಡ್ಡವರು ನುಸುಳಲಾಗದ ಆ ಕೊಳವೆಗಳಿಗೆ ಬಡವರ ಮಕ್ಕಳನ್ನು ಹತ್ತಿಸುತ್ತಿದ್ದರು. ಇಂಥ ಕೆಲಸಗಾರರಿಗೆ ಬರುವ ಒಂದು ಬಗೆಯ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ದ. ಎಂಟು ವರ್ಷ ತುಂಬದವರನ್ನು ಈ ಕೆಲಸಕ್ಕೆ ಸೇರಿಸಬಾರದೆಂದು 1788ರಲ್ಲಿ, 21 ತುಂಬದವರನ್ನು ಹತ್ತಿಸಬಾರದೆಂದು 1840ರಲ್ಲಿ ಕಾನೂನು ಬಂತು. ಜಾರಿ ಮಾಡುವವರಿರಲಿಲ್ಲ. 1875ರಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಬಾಲಕ ಆಸ್ಪತ್ರೆಯೊಂದರ ಹೊಗೆಗೂಡಿನಲ್ಲಿ ಸಿಕ್ಕಿಕೊಂಡು ಸತ್ತ ಮೇಲೆ, ಅದೇ ವರ್ಷ ಪೊಲೀಸರಿಗೆ ಅಧಿಕಾರ ಕೊಟ್ಟ ಕಾಯ್ದೆ ಬಂದು ಈ ಪದ್ಧತಿ ಕೊನೆಗೊಂಡಿತು.

ಮನೆಯಿಂದ ಹೊರಹೋದ ಹೊಗೆ ಊರನ್ನು ಬಿಡಲಿಲ್ಲ. 1952ರ ಡಿಸೆಂಬರ್‌ನಲ್ಲಿ ಕಲ್ಲಿದ್ದಲ ಹೊಗೆ ಮಂಜಿನೊಂದಿಗೆ ಬೆರೆತು ಐದು ದಿನ ಲಂಡನ್ನನ್ನು ಕವಿಯಿತು. ಸಾವಿರಾರು ಜನ ಸತ್ತರು. ಅದರ ಫಲವೇ 1956ರ ಶುದ್ಧ ಗಾಳಿ ಕಾಯ್ದೆ. ಹೊಗೆರಹಿತ ವಲಯಗಳಲ್ಲಿ ಮನೆಯ ಹೊಗೆಗೂಡಿಗೂ ನಿರ್ಬಂಧ ಬಂತು.

ಇಂದು ಅಗ್ಗಿಷ್ಟಿಕೆ ಕಟ್ಟಿಸುವವರು ಚೌಕಟ್ಟಿನ ಕಲ್ಲು ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳು ಈ ಇತಿಹಾಸದಲ್ಲೇ ಇವೆ. ಹೊಗೆಗೂಡು ಸೂರಿಗಿಂತ ಸಾಕಷ್ಟು ಎತ್ತರಕ್ಕೆ ಏರುತ್ತದೆಯೇ? ಉರಿಗೆ ಬೇಕಾದ ಗಾಳಿ ಕೋಣೆಗೆ ಬರುತ್ತದೆಯೇ? ಕೆಳಗಿನಿಂದಲೇ ಬ್ರಷ್ ಹಾಕಿ ವರ್ಷಕ್ಕೊಮ್ಮೆ ಮಸಿ ತೆಗೆಯಲು ದಾರಿ ಇದೆಯೇ? ಉರಿಸಲು ಚೆನ್ನಾಗಿ ಒಣಗಿದ ಸೌದೆ ಸಿಗುತ್ತದೆಯೇ? ಇವಕ್ಕೆ ಉತ್ತರವಿಲ್ಲದಿದ್ದರೆ ಆ ಚಂದದ ಗೂಡಿನಲ್ಲಿ ಹೂದಾನಿ ಇಡುವುದೇ ಲೇಸು.