ಹಗೇವು: ಗಾಳಿಯಾಡದ ನೆಲಗಣಜ

ಧಾನ್ಯಕ್ಕೆ ಗಾಳಿಯೂ ನೀರೂ ತಾಗದಂತೆ ನೆಲದೊಳಗೆ ತೋಡಿದ ಕಣಜಕ್ಕೆ ಹಗೇವು ಎಂದು ಹೆಸರು. ಇದನ್ನು ಹಗೆ ಎಂದೂ ಕರೆಯುವುದುಂಟು. ಮರಾಠಿಯಲ್ಲಿ ಇದು ಪೇವ. ಯಾವುದಾದರೂ ಎಲ್ಲೆಡೆ ಒಮ್ಮೆಲೇ ಹೆಚ್ಚಿದಾಗ ಅದರ 'ಪೇವ ಫುಟಲೆ' ಎಂದು ಮರಾಠಿ ಪತ್ರಿಕೆಗಳು ಇಂದಿಗೂ ಬರೆಯುತ್ತವೆ. ವಸ್ತು ಮರೆಯಾದರೂ ನುಡಿಗಟ್ಟು ಉಳಿದಿದೆ. ಜತ್ತ, ವಿಜಯಪುರ, ಸೊಲ್ಲಾಪುರಗಳ ನಡುವಿನ ಬಿಳಿಜೋಳದ ಸೀಮೆಯಲ್ಲಿ ಹಗೇವು ಬರಗಾಲದ ಬುತ್ತಿಯಾಗಿತ್ತು. ಬಾಲಗಾಂವ ಈ ಸೀಮೆಯದೇ ಊರು. ಮಳೆ ಕೈಕೊಟ್ಟ ವರ್ಷ ಹಿಂದಿನ ಹಿಂಗಾರಿಯ ಜೋಳವೇ ಮನೆತನವನ್ನು ಕಾಯಬೇಕಾಗಿತ್ತು.

ಹಗೇವಿನ ಬಾಯಿ ಕಿರಿದು, ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ, ಹೊಟ್ಟೆ ಅಗಲ. ನೆಲದಾಳದಲ್ಲಿ ಬೇಸಿಗೆಯ ಉರಿ ಅಷ್ಟಾಗಿ ತಟ್ಟದು. ಬಾಯಿ ಮುಚ್ಚಿದ ಮೇಲೆ ಕಾಳೂ ಅದರೊಳಗಿನ ಹುಳುವೂ ಉಸಿರಾಡಿ ಒಳಗಿನ ಆಮ್ಲಜನಕವನ್ನು ಮುಗಿಸುತ್ತವೆ. ಅದು ಶೇ. 3ಕ್ಕಿಂತ ಕೆಳಗಿಳಿದು ಹಾಗೆಯೇ ಉಳಿದರೆ ಹುಳು ಬದುಕಲಾರದು. ಹೀಗೆ ಔಷಧವಿಲ್ಲದೆ ಧಾನ್ಯ ಉಳಿಯುತ್ತದೆ. ಆದರೆ ಬೆರಳು ತೂರದ ಬಿರುಕೊಂದಿದ್ದರೂ ಈ ಲೆಕ್ಕ ತಪ್ಪುತ್ತದೆ.

ಬಿರುಕಿನ ವಿಚಾರ ನೆಲದ ಆಯ್ಕೆಯಿಂದಲೇ ಆರಂಭವಾಗುತ್ತದೆ. ಎರೆಭೂಮಿ ಚೈತ್ರ, ವೈಶಾಖಗಳಲ್ಲಿ ಬಾಯಿ ಬಿಡುತ್ತದೆ. ಮೊದಲು ಗಾಳಿ, ಆಮೇಲೆ ಮೊದಲ ಮಳೆಯ ನೀರು ಅದೇ ದಾರಿಯಲ್ಲಿ ಇಳಿಯುತ್ತವೆ. ಆದುದರಿಂದ ನೀರು ನಿಲ್ಲದ ದಿಬ್ಬದ ಗಟ್ಟಿ ಗರಸು ನೆಲವೇ ಯೋಗ್ಯ. ತೋಡಿದ ಗೋಡೆಯನ್ನು ಬಡಿದು ಗಟ್ಟಿಮಾಡಿ, ಒಳಗೆ ಹುಲ್ಲು ಸುಟ್ಟು ತೇವ ಆರಿಸಿ, ಮಣ್ಣು ಮತ್ತು ಸೆಗಣಿಯಿಂದ ಸಾರಿಸಬೇಕು. ಮೊದಲ ಸಾರಣೆ ಒಣಗಿದಾಗ ಕೂದಲೆಳೆಯ ಸೀಳುಗಳು ಕಾಣುವುದು ಸಹಜ. ತೆಳುವಾದ ಸೆಗಣಿ ಬಗ್ಗಡದಿಂದ ಅವನ್ನು ತುಂಬಿ ಮತ್ತೆ ಒಣಗಿಸಬೇಕು. ಅವಸರ ಮಾಡುವವರು ಸೋಲುವುದು ಇಲ್ಲಿಯೇ. ತಳಕ್ಕೆ ದಪ್ಪನಾಗಿ ಹೊಟ್ಟು, ಸುತ್ತಲೂ ಒಣ ಕಣಿಕೆ: ಇವು ನೆಲದ ತಂಪನ್ನೂ ತೇವವನ್ನೂ ಕಾಳಿನಿಂದ ದೂರವಿಡುತ್ತವೆ. ಕಾಳಿನ ತೇವಾಂಶ ಶೇ. 12 ಮೀರಬಾರದು, ಹಲ್ಲಿನಲ್ಲಿ ಕಡಿದರೆ ಕಟ್ಟೆಂದು ಒಡೆಯಬೇಕು. ಕುತ್ತಿಗೆಯವರೆಗೂ ತುಂಬಬೇಕು, ಏಕೆಂದರೆ ಖಾಲಿ ಜಾಗ ಉಳಿದಷ್ಟೂ ಹುಳುವಿಗೆ ಉಸಿರು. ಮೇಲೆ ಹುಲ್ಲು, ಕಲ್ಲುಚಪ್ಪಡಿ, ಅದರ ಸಂದಿಗೆ ಮೆತ್ತಿದ ಮಣ್ಣು, ಕೊನೆಗೆ ನೀರು ಜಾರಿಹೋಗುವಂತೆ ಗುಪ್ಪೆ.

ಎಷ್ಟೇ ಜಾಗ್ರತೆ ವಹಿಸಿದರೂ ಗೋಡೆಗಂಟಿದ ಕಾಳು ಕಪ್ಪಾಗಿ ಕಮಟು ಹಿಡಿಯುವುದುಂಟು. ಬಿತ್ತನೆಯ ಬೀಜವನ್ನು ಇದರಲ್ಲಿ ಇಡದಿರುವುದೇ ಒಳಿತು. ಒಮ್ಮೆ ತೆರೆದರೆ ಪೂರ್ತಿ ಬರಿದು ಮಾಡಬೇಕು. ಅರ್ಧ ತುಂಬಿದ ಹಗೇವು ಬೇಗ ಕೆಡುತ್ತದೆ.

ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಬಿಡದು. ಹೊರಗಿನ ಗಾಳಿಯಲ್ಲಿ ಸುಮಾರು ಶೇ. 21 ಆಮ್ಲಜನಕವಿರುತ್ತದೆ, ಶೇ. 10ಕ್ಕಿಂತ ಇಳಿದರೆ ಎಚ್ಚರ ತಪ್ಪುತ್ತದೆ, ಶೇ. 6ಕ್ಕಿಂತ ಕೆಳಗೆ ಕೆಲವು ನಿಮಿಷಗಳಲ್ಲೇ ಪ್ರಾಣ ಹೋಗುತ್ತದೆ. ಉಸಿರುಗಟ್ಟುವ ಮುನ್ಸೂಚನೆಯೂ ಇರುವುದಿಲ್ಲ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿಯೇ ಕುಳಿತಿರುತ್ತದೆ. ಬಾಯಿ ತೆರೆದಿಟ್ಟ ಮಾತ್ರಕ್ಕೆ ತಾನಾಗಿ ಏಳದು. ಕಂದೀಲು ಇಳಿಬಿಟ್ಟು ನೋಡುವ ಹಳೆಯ ಪದ್ಧತಿ ಸರಿಯಾದುದೇ, ಆದರೆ ಅದಕ್ಕೊಂದು ಮಿತಿಯಿದೆ. ದೀಪ ಆರಿದರೆ ಇಳಿಯಲೇಬಾರದು. ಉರಿದರೂ ಅಪಾಯವಿಲ್ಲವೆಂದು ನಂಬುವಂತಿಲ್ಲ. ಸಾಧ್ಯವಾದಷ್ಟು ಕಾಳನ್ನು ಮೇಲಿನಿಂದಲೇ ಎತ್ತಿ, ಫ್ಯಾನಿನಿಂದ ಬಹಳ ಹೊತ್ತು ಗಾಳಿ ಹಾಯಿಸಬೇಕು. ಇಳಿಯುವವನ ಸೊಂಟಕ್ಕೆ ಹಗ್ಗವಿರಬೇಕು, ಮೇಲೆ ಎಳೆಯಬಲ್ಲ ಇಬ್ಬರಿರಬೇಕು. ಒಳಗೆ ಬಿದ್ದವನನ್ನು ಎತ್ತಲು ಹಗ್ಗವಿಲ್ಲದೆ ಇನ್ನೊಬ್ಬ ಇಳಿದರೆ ಎರಡು ಹೆಣಗಳಾಗುತ್ತವೆ.

ನಮ್ಮ ಸಾಂಗ್ಲಿ ಜಿಲ್ಲೆಯಲ್ಲಿ ಈ ವಿದ್ಯೆ ವ್ಯಾಪಾರದ ಮಟ್ಟಕ್ಕೇರಿದ್ದು ಕೃಷ್ಣಾ ಮತ್ತು ವಾರಣಾ ನದಿಗಳ ಸಂಗಮದ ಹರಿಪುರದಲ್ಲಿ. ಅಲ್ಲಿನ ಪೇವಗಳಲ್ಲಿ ತುಂಬುತ್ತಿದ್ದುದು ಜೋಳವಲ್ಲ, ಅರಿಶಿನ. ನದಿ ಹಾಸಿದ ಗಟ್ಟಿ ಮಣ್ಣು ಅದಕ್ಕೆ ಅನುಕೂಲವಾಗಿತ್ತು; ಅದೇ ನದಿ 2005ರ ಮಹಾಪೂರದಲ್ಲಿ ಅನೇಕ ಪೇವಗಳನ್ನು ಕೆಡಿಸಿತು. ಸಾಂಗ್ಲಿಯ ಅರಿಶಿನಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಇಂದು ಹೊಸ ಹಗೇವು ತೋಡುವ ಅಗತ್ಯ ಕಡಿಮೆ. ಒಳಗೆ ಎರಡು ಪ್ಲಾಸ್ಟಿಕ್ ಪದರ, ಹೊರಗೆ ನೇಯ್ದ ಚೀಲವಿರುವ ಗಾಳಿಬಿಗಿ ಚೀಲಗಳು ಅದೇ ತತ್ತ್ವದಲ್ಲಿ ಕೆಲಸ ಮಾಡುತ್ತವೆ. ಆದರೆ ಹಳೆಯ ವಾಡೆಗಳ ಅಂಗಳದಲ್ಲಿ ಮರೆತುಹೋದ ಹಗೇವುಗಳು ಇನ್ನೂ ಇರಬಹುದು. ಕಾಲಿಟ್ಟಲ್ಲಿ ನೆಲ ಟೊಳ್ಳೆಂದು ಸದ್ದು ಮಾಡಿದರೆ, ಮಳೆಯ ನಂತರ ಒಂದೆಡೆ ಮಣ್ಣು ಕುಸಿಯುತ್ತಿದ್ದರೆ, ಟ್ರ್ಯಾಕ್ಟರನ್ನೂ ಮಕ್ಕಳನ್ನೂ ಅಲ್ಲಿಂದ ದೂರವಿಟ್ಟು, ಮನೆಯ ಹಿರಿಯರನ್ನು ಕೇಳಿ ಬಾಯಿ ಗುರುತಿಸಿ, ಮೇಲಿನಿಂದಲೇ ಗರಸು ತುಂಬಿ ಬಡಿಯಬೇಕು.