ತುರಗಪದ

ಚದುರಂಗದ ಕುದುರೆ ನಡೆಯನ್ನು ಅನುಸರಿಸಿ ಓದುವಂತೆ ಕಟ್ಟಿದ ಪದ್ಯಕ್ಕೆ ತುರಗಪದ ಅಥವಾ ತುರಗಬಂಧ ಎಂದು ಹೆಸರು. ವೇಗವಾಗಿ ಹೋಗುವುದು ತುರಗ, ಅಂದರೆ ಕುದುರೆ. ಪದವೆಂದರೆ ಇಲ್ಲಿ ಹೆಜ್ಜೆ. ಇದು ಅಕ್ಷರಗಳ ಜೋಡಣೆಯ ಚಮತ್ಕಾರವೇ ಮುಖ್ಯವಾದ ಚಿತ್ರಕಾವ್ಯದ ಒಂದು ಬಗೆ.

ಒಂಬತ್ತನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ರುದ್ರಟನ 'ಕಾವ್ಯಾಲಂಕಾರ'ದಲ್ಲಿ ಇದರ ಹಳೆಯ ಉದಾಹರಣೆಯಿದೆ. ಅನುಷ್ಟುಪ್ ಶ್ಲೋಕದ 32 ಅಕ್ಷರಗಳನ್ನು ಸಾಲಿಗೆ ಎಂಟರಂತೆ ನಾಲ್ಕು ಸಾಲಾಗಿ ಬರೆದರೆ ಚದುರಂಗದ ಅರ್ಧ ಹಾಸು ತುಂಬುತ್ತದೆ. ಮೊದಲ ಮನೆಯಿಂದ ಹೊರಟ ಕುದುರೆ ಎರಡನೆಯ ಸಾಲಿನ ಮೂರನೆಯ ಮನೆಗೆ, ಅಲ್ಲಿಂದ ಮೊದಲ ಸಾಲಿನ ಐದನೆಯದಕ್ಕೆ ಹಾರುತ್ತದೆ. ಹೀಗೆ ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮೆಟ್ಟಿ ಮುಗಿಸಿದಾಗ ಅದೇ ಶ್ಲೋಕ ಮತ್ತೆ ಸಿಗಬೇಕು. ಆದ್ದರಿಂದ ಹನ್ನೊಂದನೆಯ ಅಕ್ಷರ ಎರಡನೆಯದೇ ಆಗಿರಬೇಕು, ಐದನೆಯದು ಮೂರನೆಯದೇ. ಈ ಕಟ್ಟುಪಾಡಿನಿಂದಾಗಿ ರುದ್ರಟನ ಶ್ಲೋಕದಲ್ಲಿ ಬಹುಪಾಲು 'ನಾ', 'ಲೀ' ಎಂಬ ಎರಡೇ ಅಕ್ಷರಗಳು ಸುಳಿದಾಡುತ್ತವೆ; ಅರ್ಥ ಹಿಡಿಯಲು ವ್ಯಾಖ್ಯಾನ ಬೇಕೇ ಬೇಕು. ರಥ, ಆನೆಗಳ ನಡೆಯನ್ನು ಅನುಸರಿಸುವ ರಥಪದ, ಗಜಪದಗಳನ್ನೂ ಅವನು ಕೊಟ್ಟಿದ್ದಾನೆ.

ಶ್ರೀವೈಷ್ಣವ ಆಚಾರ್ಯ ವೇದಾಂತ ದೇಶಿಕರು 'ಪಾದುಕಾಸಹಸ್ರ'ದಲ್ಲಿ ಇನ್ನೂ ಕಷ್ಟದ ದಾರಿ ಹಿಡಿದರು. ಅಲ್ಲಿ ಒಂದು ಶ್ಲೋಕವನ್ನು ಕುದುರೆ ನಡೆಯಲ್ಲಿ ಓದಿದರೆ ಬೇರೆಯೇ ಶ್ಲೋಕ ಹೊರಡುತ್ತದೆ, ಎರಡಕ್ಕೂ ಅರ್ಥವುಂಟು. ಈ ಬಂಧದ ನಿಜವಾದ ಶಿಖರ ಇದೇ.

ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು ಇಡೀ ಹಾಸಿನ 64 ಮನೆಗಳಲ್ಲೂ ಕುದುರೆಯನ್ನು ನಡೆಸುವ ದಾರಿಗಳನ್ನು ರಚಿಸಿ, ಈ ವಿದ್ಯೆಯನ್ನು ಹತ್ತೊಂಬತ್ತನೆಯ ಶತಮಾನದ ಕನ್ನಡ ನಾಡಿನಲ್ಲಿ ಬೆಳೆಸಿದರು.