ಒಂದು ವಾಣಿಜ್ಯ ಕಟ್ಟಡದ ಜೀರ್ಣೋದ್ಧಾರ: ಲಂಡನ್ನಿನ ಮಿಶೆಲಿನ್ ಭವನ

'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ನಮ್ಮ ಶಾಸನಗಳನ್ನು ಓದಿದವರಿಗೆ ಚಿರಪರಿಚಿತವಾದುದು. ದೇವಾಲಯದ ಒಡೆದ, ಬಿರಿದ ಭಾಗಗಳನ್ನು ಸರಿಪಡಿಸುವುದಕ್ಕಾಗಿ ಭೂಮಿಯನ್ನೋ ಸುಂಕವನ್ನೋ ದತ್ತಿಯಾಗಿ ಬಿಟ್ಟ ವಿಷಯವನ್ನು ಎಷ್ಟೋ ಶಾಸನಗಳು ತಿಳಿಸುತ್ತವೆ. ಆದರೆ ಹಾಗೆ ಸರಿಪಡಿಸುವಾಗ ಯಾವ ಕಂಬವನ್ನು ಇದ್ದಂತೆಯೇ ಉಳಿಸಿಕೊಂಡರು, ಯಾವುದನ್ನು ಹಳೆಯದರ ಮಾದರಿಯಲ್ಲಿ ಹೊಸದಾಗಿ ಕಡೆದು ನಿಲ್ಲಿಸಿದರು, ಯಾವುದನ್ನು ತಮ್ಮ ಕಾಲದ ಅಗತ್ಯಕ್ಕಾಗಿ ಸೇರಿಸಿದರು ಎಂಬ ವಿವರವನ್ನು ಅವು ಸಾಮಾನ್ಯವಾಗಿ ಹೇಳುವುದಿಲ್ಲ. ಈ ಮೌನದಿಂದ ಚರಿತ್ರೆಯ ವಿದ್ಯಾರ್ಥಿಗೆ ಒದಗುವ ತೊಡಕು ಅಲ್ಪವಾದುದಲ್ಲ. ಅಂಗಡಿ, ಉಗ್ರಾಣ, ಕಚೇರಿಗಳಂತಹ ವಾಣಿಜ್ಯ ಕಟ್ಟಡಗಳ ವಿಷಯದಲ್ಲಂತೂ ತೊಡಕು ಇನ್ನೂ ಹೆಚ್ಚು; ಅವುಗಳಿಗೆ ಶಾಸನವೂ ಇಲ್ಲ, ಸ್ಥಳಪುರಾಣವೂ ಇಲ್ಲ. ವ್ಯಾಪಾರ ಕೈ ಬದಲಾಯಿಸಿದಂತೆ ಕಟ್ಟಡವೂ ರೂಪ ಬದಲಾಯಿಸುತ್ತದೆ. ಇಂತಹ ರೂಪಾಂತರವನ್ನು ಚರಿತ್ರಕಾರನು ಹೇಗೆ ಓದಬೇಕೆಂಬುದನ್ನು, ದಾಖಲೆಗಳು ಚೆನ್ನಾಗಿ ಉಳಿದಿರುವ ಒಂದು ಉದಾಹರಣೆಯ ಮೂಲಕ ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ. ನಾವು ಆರಿಸಿಕೊಂಡಿರುವುದು ಲಂಡನ್ ನಗರದ ಫುಲ್‌ಹ್ಯಾಮ್ ರಸ್ತೆಯಲ್ಲಿರುವ ಮಿಶೆಲಿನ್ ಭವನವನ್ನು.

೧. ಮೊದಲ ನಿರ್ಮಾಣ

ಆಂಡ್ರೆ ಮತ್ತು ಎಡ್ವರ್ಡ್ ಮಿಶೆಲಿನ್ ಸಹೋದರರು ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ ಪಟ್ಟಣದಲ್ಲಿ ೧೮೮೯ರಲ್ಲಿ ಸ್ಥಾಪಿಸಿದ ರಬ್ಬರ್ ಉದ್ಯಮವು ಸೈಕಲ್ ಮತ್ತು ಮೋಟಾರುಗಳ ಟೈರುಗಳಿಂದ ಬಹುಬೇಗ ಖ್ಯಾತಿ ಪಡೆಯಿತು. ಟೈರುಗಳ ರಾಶಿಯೊಂದು ಮನುಷ್ಯಾಕೃತಿಯಂತೆ ತೋರಿತೆಂದೂ ಅದರಿಂದಲೇ ಕಂಪನಿಯ ಲಾಂಛನಪುರುಷನು ಹುಟ್ಟಿದನೆಂದೂ ಪ್ರತೀತಿಯುಂಟು. ೧೮೯೮ರಲ್ಲಿ ಓಗಲೊ ಎಂಬ ಹೆಸರಿನಿಂದ ಚಿತ್ರ ಬರೆಯುತ್ತಿದ್ದ ಕಲಾವಿದರು ಅವನನ್ನು ಜಾಹೀರಾತು ಭಿತ್ತಿಪತ್ರದಲ್ಲಿ ಚಿತ್ರಿಸಿದರು. ಕೈಯಲ್ಲಿ ಮೊಳೆ, ಗಾಜುಚೂರುಗಳನ್ನು ತುಂಬಿದ ಪಾನಪಾತ್ರೆಯನ್ನು ಎತ್ತಿಹಿಡಿದ ಈ ಸ್ಥೂಲಕಾಯನಿಗೆ, ಲ್ಯಾಟಿನ್ ಕವಿ ಹೊರೇಸನ ಒಂದು ಪದ್ಯದ ಮಾತಿನಿಂದ 'ಬಿಬೆಂಡಮ್' ಎಂಬ ಹೆಸರು ಬಂದಿತು. ದಾರಿಯ ವಿಘ್ನಗಳನ್ನೆಲ್ಲ ಈ ಟೈರು ಕುಡಿದುಬಿಡುತ್ತದೆ ಎಂಬುದು ಇದರ ಇಂಗಿತ. ಆ ಕಾಲದ ಟೈರುಗಳ ಬಣ್ಣ ಕಪ್ಪಾಗಿರದೆ ತಿಳಿಯಾಗಿದ್ದುದರಿಂದ ಅವನ ಮೈಬಣ್ಣವೂ ಬಿಳುಪು.

ಕಂಪನಿಯ ಬ್ರಿಟಿಷ್ ಶಾಖೆ ೧೯೦೫ರಲ್ಲಿ ಏರ್ಪಟ್ಟಿತು. ವ್ಯಾಪಾರ ಬೆಳೆದಂತೆ ಸ್ವಂತದ ಕಾಯಂ ಕಟ್ಟಡವೊಂದು ಬೇಕಾಯಿತು. ಅದನ್ನು ರೂಪಿಸಿದವರು ಕಂಪನಿಯ ಇಂಜಿನಿಯರಿಂಗ್ ಶಾಖೆಯಲ್ಲಿ ಕೆಲಸದಲ್ಲಿದ್ದ ಫ್ರಾಂಸ್ವಾ ಎಸ್ಪಿನಾಸ್ ಅವರು. ೧೯೧೧ನೆಯ ಜನವರಿ ೨೦ರಂದು ಭವನದ ಪ್ರಾರಂಭೋತ್ಸವ ನಡೆಯಿತು. ಅದರ ಒಡಲು ಎನ್‌ಬೀಕ್ ಪದ್ಧತಿಯ ಉಕ್ಕಿನ ಸರಳುಗಳಿಂದ ಬಲಪಡಿಸಿದ ಕಾಂಕ್ರೀಟಿನದು. ಗೋಡೆಗಳ ಅಡಚಣೆಯಿಲ್ಲದ ವಿಶಾಲವಾದ ಅಂಕಣಗಳೂ ಬೆಂಕಿಯಿಂದ ರಕ್ಷಣೆಯೂ ಈ ಪದ್ಧತಿಯ ಗುಣಗಳು. ರಬ್ಬರನ್ನು ರಾಶಿ ಹಾಕುವ ಕಟ್ಟಡಕ್ಕೆ ಎರಡೂ ಅತ್ಯವಶ್ಯಕವಾಗಿದ್ದುವು.

ಈ ಭವನದ ರಚನೆಯಲ್ಲಿ ವ್ಯಾಪಾರದ ಕ್ರಮವೇ ಮೂರ್ತಗೊಂಡಿದ್ದುದನ್ನು ಗಮನಿಸಬೇಕು. ನೆಲಮಾಳಿಗೆಯಲ್ಲಿ ೩೦,೦೦೦ಕ್ಕೂ ಹೆಚ್ಚು ಟೈರುಗಳ ದಾಸ್ತಾನಿಗೆ ಸ್ಥಳವಿದ್ದಿತು. ಬೇಕಾದ ಟೈರನ್ನು ಲಿಫ್ಟಿನಲ್ಲಿ ಮೇಲಕ್ಕೆ ತಂದು, ಅದಕ್ಕಾಗಿಯೇ ಇಳಿಜಾರಾಗಿ ಮಾಡಿದ್ದ ನೆಲದ ಮೇಲೆ ಮುಂಭಾಗಕ್ಕೆ ಉರುಳಿಸಿಕೊಂಡು ಬರುತ್ತಿದ್ದರು. ಅಲ್ಲಿ ಕಾದು ನಿಂತ ಮೋಟಾರಿಗೆ ಕೆಲಸಗಾರರು ಕೂಡಲೇ ಅದನ್ನು ತೊಡಿಸುತ್ತಿದ್ದರು. ಪಕ್ಕದಲ್ಲಿಯೇ ಪ್ರವಾಸಿಗಳಿಗೆ ಭೂಪಟಗಳನ್ನೊದಗಿಸುವ ಕಚೇರಿಯಿದ್ದಿತು. ಅಲಂಕಾರವೂ ಜಾಹೀರಾತೇ ಆಗಿದ್ದಿತು. ಮುಂಭಾಗದ ಮೂರು ದೊಡ್ಡ ಕಿಟಕಿಗಳ ವರ್ಣಗಾಜಿನಲ್ಲಿ ಬಿಬೆಂಡಮನ ಚಿತ್ರಗಳು. ನೆತ್ತಿಯ ಎರಡು ಮೂಲೆಗಳಲ್ಲಿ ಟೈರುಗಳ ಅಟ್ಟಿಯಂತೆ ಕಾಣುವ ಗಾಜಿನ ಗುಮ್ಮಟಗಳು. ಒಳನೆಲದಲ್ಲಿ ಅವನದೇ ಮೊಸಾಯಿಕ್ ಚಿತ್ರ. ಗೋಡೆಗಳ ಮೇಲೆ ಮಿಶೆಲಿನ್ ಟೈರು ತೊಟ್ಟು ಪಂದ್ಯಗಳಲ್ಲಿ ಓಡಿದ ವಾಹನಗಳನ್ನು ತೋರಿಸುವ ಹೊಳಪು ಹೆಂಚಿನ ಚಿತ್ರಫಲಕಗಳು. ದಾರಿಹೋಕನಿಗೆ ಒಳಗಿನ ಸರಕು ಏನೆಂದು ತಿಳಿಯಲು ನಾಮಫಲಕದ ಅಗತ್ಯವೇ ಇರಲಿಲ್ಲ.

೨. ನಷ್ಟಗಳ ಕಾಲ

೧೯೧೨ರಲ್ಲಿಯೂ ೧೯೨೨ರಲ್ಲಿಯೂ ಕಟ್ಟಡವನ್ನು ಲೂಕನ್ ಪ್ಲೇಸ್ ಎಂಬ ಬೀದಿಯ ಉದ್ದಕ್ಕೂ ವಿಸ್ತರಿಸಲಾಯಿತು. ಆದರೆ ೧೯೨೭ರಲ್ಲಿ ಕಂಪನಿಯು ಸ್ಟೋಕ್-ಆನ್-ಟ್ರೆಂಟಿನಲ್ಲಿ ಕಾರ್ಖಾನೆಯನ್ನು ತೆರೆದ ಮೇಲೆ ಉದ್ಯಮದ ಗುರುತ್ವಕೇಂದ್ರವು ಅತ್ತ ಸರಿಯಿತು. ೧೯೩೦ರಲ್ಲಿ ಪ್ರಧಾನ ಕಚೇರಿಯೂ ಅಲ್ಲಿಗೆ ಹೋಯಿತು. ಲಂಡನ್ನಿನ ಭವನದ ಕೆಲವು ಭಾಗಗಳು ಬಾಡಿಗೆಗೆ ಹೋದುವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಂಬುದಾಳಿಯ ಭೀತಿಯಿಂದ ಮೂರು ವರ್ಣಗಾಜಿನ ಕಿಟಕಿಗಳನ್ನೂ ಕಳಚಿ, ಮರದ ಪೆಟ್ಟಿಗೆಗಳಲ್ಲಿಟ್ಟು, ಸುರಕ್ಷಿತವಾಗಿರಲೆಂದು ಸ್ಟೋಕಿನ ಕಾರ್ಖಾನೆಗೆ ಕಳುಹಿಸಿದರು. ಗೋಡೆಗೆ ಅಂಟಿದ್ದ ಹೆಂಚಿನ ಫಲಕಗಳು ಇದ್ದಲ್ಲಿಯೇ ಉಳಿದುವು. ಫಲಿತಾಂಶವು ವಿಲಕ್ಷಣವಾದುದು. ಕಾಪಾಡದೆ ಬಿಟ್ಟ ಫಲಕಗಳು ಯುದ್ಧವನ್ನು ದಾಟಿ ಬದುಕಿದುವು. ಕಾಪಾಡಲೆಂದು ಸಾಗಿಸಿದ ಕಿಟಕಿಗಳು ಮರಳಿ ಬರಲಿಲ್ಲ. ಕಟ್ಟಡದ ನವೀಕರಣ ಕೈಗೊಂಡ ಕಾಲಕ್ಕೆ ಅವುಗಳ ಸುಳಿವೇ ಇರಲಿಲ್ಲ. ನೆತ್ತಿಯ ಗಾಜಿನ ಗುಮ್ಮಟಗಳೂ ಅಷ್ಟರಲ್ಲಿ ಮಾಯವಾಗಿದ್ದುವು. ಒಂದು ವಸ್ತು ತನ್ನ ಸ್ಥಾನದಿಂದ ಕದಲಿತೆಂದರೆ ಅದರ ಅರ್ಧ ಚರಿತ್ರೆ ಆಗಲೇ ಹೋದಂತೆ ಎಂದು ಪುರಾತತ್ತ್ವಜ್ಞರು ಹೇಳುವ ಎಚ್ಚರಿಕೆ ಇಲ್ಲಿಗೂ ಅನ್ವಯಿಸುತ್ತದೆ. ಕಟ್ಟಡವು ಸಂರಕ್ಷಿತ ಕಟ್ಟಡಗಳ ಸರಕಾರಿ ಪಟ್ಟಿಯಲ್ಲಿ ಎರಡನೆಯ ದರ್ಜೆಗೆ ಸೇರಿದುದು ೧೯೬೯ರಲ್ಲಿ; ಕಿಟಕಿಗಳು ಗೋಡೆಯನ್ನು ಬಿಟ್ಟು ಅಷ್ಟು ಹೊತ್ತಿಗೆ ಕಾಲು ಶತಮಾನವೇ ಮೀರಿದ್ದಿತು. ಆದರೂ ಈ ಪಟ್ಟಿಗೆ ಸೇರಿದ ಮೇಲೆ ಅನುಮತಿಯಿಲ್ಲದೆ ಕಟ್ಟಡವನ್ನು ಕೆಡವುವಂತಿಲ್ಲ, ಅದರ ಲಕ್ಷಣವನ್ನು ಮಾರ್ಪಡಿಸುವಂತಿಲ್ಲ. ಮುಂದೆ ಕೊಳ್ಳುವವರು ಯಾರೇ ಆದರೂ ಹಳೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾಯಿತು.

೩. ಹೊಸ ಒಡೆಯರು, ಹೊಸ ಉಪಯೋಗ

ಮಿಶೆಲಿನ್ ಕಂಪನಿಯು ೧೯೮೫ರಲ್ಲಿ ಭವನವನ್ನು ಮಾರಿತು. ಕೊಳ್ಳಲು ಮುಂದೆ ಬಂದವರಲ್ಲಿ ಇಬ್ಬರು ಮಿತ್ರರಿದ್ದರು. ಒಬ್ಬರು ಗೃಹೋಪಕರಣಗಳ ವಿನ್ಯಾಸಕಾರರಾದ ಟೆರೆನ್ಸ್ ಕಾನ್ರನ್. ಇವರು ೧೯೬೪ರಲ್ಲಿ ಹ್ಯಾಬಿಟಾಟ್ ಎಂಬ ಅಂಗಡಿಯನ್ನು ಆರಂಭಿಸಿದವರು. ೧೯೭೩ರಲ್ಲಿ ತೆರೆದ ಇವರ ಕಾನ್ರನ್ ಶಾಪ್ ಇದ್ದುದು ಮಿಶೆಲಿನ್ ಭವನದ ಎದುರಿಗೇ. ಇನ್ನೊಬ್ಬರು ೧೯೭೧ರಲ್ಲಿ ಆಕ್ಟೋಪಸ್ ಪ್ರಕಾಶನವನ್ನು ಸ್ಥಾಪಿಸಿದ ಪಾಲ್ ಹ್ಯಾಮ್ಲಿನ್. ಒಬ್ಬರ ಆಸಕ್ತಿ ಮತ್ತೊಬ್ಬರಿಗೆ ತಿಳಿದಾಗ ಅವರು ಪೈಪೋಟಿಯನ್ನು ಬಿಟ್ಟು ಒಟ್ಟಾಗಿ ೮೦ ಲಕ್ಷ ಪೌಂಡುಗಳ ಬೆಲೆ ಕಟ್ಟಿ ಕೊಂಡರು. ಒಬ್ಬರಿಗೆ ಬೇಕಾದುದು ಸರಕು ಪ್ರದರ್ಶನದ ಮಳಿಗೆ, ಇನ್ನೊಬ್ಬರಿಗೆ ಕಚೇರಿ. ಉಪಯೋಗಗಳು ಬೇರೆಯಾಗಿದ್ದುದರಿಂದಲೇ ಕಟ್ಟಡವನ್ನು ಹಂಚಿಕೊಳ್ಳುವುದು ಸುಲಭವಾಯಿತು.

ಕಾನ್ರನ್ ರೋಚ್ ಮತ್ತು ವೈ.ಆರ್.ಎಂ. ಎಂಬ ವಾಸ್ತುಶಿಲ್ಪಿ ಸಂಸ್ಥೆಗಳ ಮೇಲ್ವಿಚಾರಣೆಯಲ್ಲಿ ಕೆಲಸ ನಡೆದು, ೧೯೮೭ರ ಆಗಸ್ಟಿನಲ್ಲಿ ಭವನವು ಮತ್ತೆ ತೆರೆಯಿತು. ಅಲ್ಲಿ ಕಾನ್ರನ್ ಅವರ ಮಳಿಗೆಯೂ ಹ್ಯಾಮ್ಲಿನ್ ಅವರ ಪ್ರಕಾಶನದ ಕಚೇರಿಗಳೂ ನೆಲೆಗೊಂಡುವು. ಮೊದಲನೆಯ ಮಹಡಿಯಲ್ಲಿ ಬಿಬೆಂಡಮನ ಹೆಸರನ್ನೇ ಹೊತ್ತ ಭೋಜನಶಾಲೆ ಏರ್ಪಟ್ಟಿತು. ಹಿಂದೆ ಮೋಟಾರುಗಳಿಗೆ ಟೈರು ತೊಡಿಸುತ್ತಿದ್ದ ಮುಂಭಾಗದಲ್ಲಿ ಕಡಲಚಿಪ್ಪಿನ ಖಾದ್ಯಗಳ ಉಪಾಹಾರಶಾಲೆ ಬಂದಿತು.

ಈ ನವೀಕರಣದಲ್ಲಿ ಮೂರು ಬಗೆಯ ಕಾರ್ಯಗಳನ್ನು ನಾವು ಬೇರ್ಪಡಿಸಿ ನೋಡಬಹುದು. ಮೊದಲನೆಯದು ರಕ್ಷಣೆ: ಕಾಂಕ್ರೀಟಿನ ಒಡಲು, ನೆಲದ ಮೊಸಾಯಿಕ್, ಹೆಂಚಿನ ಫಲಕಗಳು ೧೯೧೧ರ ಸಾಕ್ಷಿಗಳಾಗಿಯೇ ಉಳಿದುವು. ಎರಡನೆಯದು ಪುನಃಸೃಷ್ಟಿ: ಕಳೆದುಹೋದ ಕಿಟಕಿಗಳನ್ನು ಮೂಲ ನಕ್ಷೆಗಳು, ಹಳೆಯ ಛಾಯಾಚಿತ್ರಗಳು ಹಾಗೂ ಕಂಪನಿಯ ಭಿತ್ತಿಪತ್ರಗಳ ಆಧಾರದಿಂದ ಮತ್ತೆ ಮಾಡಿದರು, ಗುಮ್ಮಟಗಳನ್ನೂ ಹಾಗೆಯೇ ಮರಳಿ ನಿಲ್ಲಿಸಿದರು. ಮೂರನೆಯದು ಸೇರ್ಪಡೆ: ಕಚೇರಿಗಳಿಗೆ ಬೇಕಾದ ಹೊಸ ಜಾಗವನ್ನು ಗಾಜಿನ ಹೊದಿಕೆಯೊಡನೆ ತಮ್ಮ ಕಾಲದ ರೀತಿಯಲ್ಲಿಯೇ ಕಟ್ಟಿದರು, ಅದನ್ನು ೧೯೧೧ರದೆಂದು ಯಾರೂ ಭ್ರಮಿಸುವಂತಿಲ್ಲ.

೪. ಪರಾಮರ್ಶೆ

ಈ ಮೂರರಲ್ಲಿ ಚರಿತ್ರಕಾರನನ್ನು ಎಡವಿಸುವುದು ಎರಡನೆಯದು. ಇಂದು ಫುಲ್‌ಹ್ಯಾಮ್ ರಸ್ತೆಯಲ್ಲಿ ನಿಂತು ನೋಡುವವನಿಗೆ ಫಲಕಗಳೂ ಕಿಟಕಿಗಳೂ ಒಂದೇ ಕಾಲದವೆಂದು ತೋರುತ್ತದೆ. ಆದರೆ ಒಂದು ೧೯೧೧ರ ಸಾಕ್ಷಿ. ಇನ್ನೊಂದು, ೧೯೧೧ರ ವಿಷಯದಲ್ಲಿ ೧೯೮೭ರವರಿಗೆ ಏನು ತಿಳಿದಿದ್ದಿತೆಂಬುದರ ಸಾಕ್ಷಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹಾಗೆಂದು ಪ್ರತಿಕೃತಿಯನ್ನು ಕಪಟವೆಂದು ತಿರಸ್ಕರಿಸುವುದೂ ಸರಿಯಲ್ಲ. ಅದು ಯಾವ ಆಧಾರದಿಂದ ಹುಟ್ಟಿತೆಂಬ ಲೆಕ್ಕ ಉಳಿದಿರುವವರೆಗೆ ಅದು ಪ್ರಾಮಾಣಿಕವಾದುದೇ. ಆ ಲೆಕ್ಕ ಕಳೆದುಹೋದ ದಿನ ಅದು ನಮ್ಮನ್ನು ದಾರಿ ತಪ್ಪಿಸತೊಡಗುತ್ತದೆ.

ಹೊಸ ಕಿಟಕಿಗಳು ಸಾಧ್ಯವಾದುದು, ಒಂದು ವ್ಯಾಪಾರ ಸಂಸ್ಥೆಯ ನಕ್ಷೆಗಳೂ ಜಾಹೀರಾತುಗಳೂ ಕಸದ ಬುಟ್ಟಿಗೆ ಬೀಳದೆ ಉಳಿದುದರಿಂದ ಎಂಬುದನ್ನೂ ಮರೆಯುವಂತಿಲ್ಲ. ಗಾಜು ಹೋಯಿತು, ಕಾಗದ ಉಳಿಯಿತು. ಕಾಗದದಿಂದ ಗಾಜು ಮರಳಿತು.

ಉಪಯೋಗವು ಶಾಶ್ವತವಲ್ಲವೆಂಬುದೂ ಇಲ್ಲಿ ಸ್ಪಷ್ಟವಾಗುತ್ತದೆ. ಟೆರೆನ್ಸ್ ಕಾನ್ರನ್ ೨೦೨೦ರಲ್ಲಿ ತೀರಿಕೊಂಡರು; ೨೦೨೨ರಲ್ಲಿ ಅವರು ಸ್ಥಾಪಿಸಿದ ಮಳಿಗೆಯೂ ಈ ಭವನವನ್ನು ಬಿಟ್ಟು ಸ್ಲೋನ್ ಚೌಕಕ್ಕೆ ಹೋಯಿತು. ಟೈರಿನ ಕಂಪನಿ ಹೋದಂತೆ ಪೀಠೋಪಕರಣಗಳ ಅಂಗಡಿಯೂ ಹೋಯಿತು. ಕಟ್ಟಡ ನಿಂತಿದೆ. ೧೯೮೭ರಲ್ಲಿ ಮಾಡಿದ ಸೇರ್ಪಡೆಗಳು ಈಗ ತಾವೇ ಚರಿತ್ರೆಯ ವಸ್ತುಗಳಾಗಿವೆ; ಮುಂದೆ ಬರುವ ಒಡೆಯನು ಯಾವುದನ್ನು ಉಳಿಸಬೇಕೆಂಬ ಪ್ರಶ್ನೆಯನ್ನು ಎರಡು ಕಾಲಗಳ ವಿಷಯದಲ್ಲಿ ಕೇಳಿಕೊಳ್ಳಬೇಕಾಗುತ್ತದೆ.

ನಮ್ಮ ಊರುಗಳ ಪೇಟೆಬೀದಿಗಳಲ್ಲಿಯೂ ನೆತ್ತಿಯ ಗಾರೆಕೆಲಸದಲ್ಲಿ ಇಸವಿಯನ್ನು ಹೊತ್ತ ಹಳೆಯ ಅಂಗಡಿಗಳಿವೆ. ಅವೆಲ್ಲವನ್ನೂ ಉಳಿಸುವುದು ನಮ್ಮ ಶಕ್ತಿಗೆ ಮೀರಿದುದು. ವರ್ತಕನು ತನ್ನ ಅನುಕೂಲಕ್ಕೆ ತಕ್ಕಂತೆ ಅವುಗಳನ್ನು ಬದಲಾಯಿಸುವುದು ಸಹಜವೂ ಹೌದು. ಆದರೆ ಬದಲಾಗುವ ಮುನ್ನ ಒಂದು ನಕ್ಷೆಯನ್ನು ಬರೆದುಕೊಳ್ಳುವುದು, ಒಂದು ಛಾಯಾಚಿತ್ರವನ್ನು ತೆಗೆದಿಡುವುದು, ಹಳೆಯ ರಸೀತಿ ಪುಸ್ತಕವನ್ನೋ ಬೆಲೆಪಟ್ಟಿಯನ್ನೋ ಕೇಳಿ ಪಡೆಯುವುದು ಕಾಲೇಜಿನ ವಿದ್ಯಾರ್ಥಿಗಳಿಗೂ ಅಸಾಧ್ಯವಲ್ಲ. ಶಾಸನಗಳು ಹೇಳದೆ ಬಿಟ್ಟ ವಿವರವನ್ನು ನಮ್ಮ ಕಾಲದ ಜೀರ್ಣೋದ್ಧಾರಗಳ ವಿಷಯದಲ್ಲಾದರೂ ಮುಂದಿನವರಿಗೆ ಬರೆದಿಡುವುದು ನಮ್ಮ ಕರ್ತವ್ಯ.